ದೂರವನ್ನು ಬಚ್ಚಿಡದ ವಿಮಾನಗಳು

ವಿಮಾನಯಾನದ ಸುವರ್ಣಕಾಲ ಅಂದ ಕೂಡಲೇ ಎಲ್ಲರೂ ತೋರಿಸುವುದು ಒಂದೇ ಥರದ ಫೋಟೋ. ಅಗಲವಾದ ಸೀಟು, ಬಿಳಿ ಮೇಜುಬಟ್ಟೆ, ಪಿಂಗಾಣಿ ತಟ್ಟೆ. ಸೂಟು ತೊಟ್ಟ ಗಂಡಸರು, ಕೈಗವಸು ಹಾಕಿದ ಹೆಂಗಸರು, ಬಾಗಿ ಬಡಿಸುತ್ತಿರುವ ಗಗನಸಖಿ. ಇಂಥ ಎಷ್ಟೋ ಫೋಟೋಗಳನ್ನು ಕಂಪನಿಗಳೇ ಜಾಹೀರಾತಿಗೆ ಅಂತ ತೆಗೆಸಿದ್ದು. ಕೆಲವನ್ನಂತೂ ನೆಲದ ಮೇಲೆ ಕಟ್ಟಿದ ಮಾದರಿ ಕ್ಯಾಬಿನ್ನಿನಲ್ಲಿ ತೆಗೆದಿದ್ದಾರೆ. ನಾನೂ ಅವನ್ನು ಬೇಕಾದಷ್ಟು ನೋಡಿದ್ದೇನೆ. ನೋಡುತ್ತಾ ನೋಡುತ್ತಾ ನನ್ನ ಕಣ್ಣು ತಟ್ಟೆ ಬಿಟ್ಟು ಕಿಟಕಿಗೆ ಹೋಗುತ್ತದೆ. ಅಲ್ಲಿ ಎಂಜಿನ್ ಕಾಣುತ್ತದೆ. ಅದರ ಹೊದಿಕೆಯ ಮೇಲೆ ಹಿಂದಕ್ಕೆ ಹರಿದ ಎಣ್ಣೆಯ ಕಲೆ ಇರುತ್ತದೆ. ರೆಕ್ಕೆಯ ಅಡಿಗೆ ಹೊಲ, ನದಿ, ರಸ್ತೆ, ರಸ್ತೆಯ ಮೇಲೆ ಹೋಗುವ ವಾಹನ ಕೂಡ ಕಾಣುವಷ್ಟು ಹತ್ತಿರ.

ಆ ಕಾಲದ ಮೇಲೆ ನನಗೆ ಇರುವ ಪ್ರೀತಿ ಅಲ್ಲಿಂದ ಬಂದದ್ದು. ಆಗಿನ ವಿಮಾನಗಳು ದೂರವನ್ನು ಬಚ್ಚಿಡುತ್ತಿರಲಿಲ್ಲ. ಒಂದು ಸಾಗರ ದಾಟುವುದು ಎಷ್ಟು ದೊಡ್ಡ ಕೆಲಸ ಅನ್ನುವುದು ಒಳಗೆ ಕೂತವರ ಕಿವಿಗೆ, ಬೆನ್ನಿಗೆ, ಹೊಟ್ಟೆಗೆ ಗೊತ್ತಾಗುತ್ತಿತ್ತು. ಆ ಕೆಲಸವನ್ನು ಯಾರು ಮಾಡುತ್ತಿದ್ದಾರೆ, ಹೇಗೆ ಮಾಡುತ್ತಿದ್ದಾರೆ ಅನ್ನುವುದೂ ಕಾಣುತ್ತಿತ್ತು. ಇವತ್ತು ಹತ್ತಿ ಕೂತು, ಕಿಟಕಿಯ ಪರದೆ ಎಳೆದು, ನಿದ್ದೆ ಮಾಡಿ ಎದ್ದರೆ ಬೇರೆ ಖಂಡ. ಇದು ದೊಡ್ಡ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಾರಿ ಅನ್ನುವುದೇ ಕಾಣೆಯಾಗಿದೆ.

ಡಿಸಿ-3 ಅನ್ನುವ ಪ್ರಯಾಣಿಕ ವಿಮಾನದ ಕಥೆಯಿಂದ ಶುರು ಮಾಡುತ್ತೇನೆ. ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ಸಿ.ಆರ್. ಸ್ಮಿತ್ ಅವರಿಗೆ ರಾತ್ರಿ ಮಲಗಿಕೊಂಡು ಹೋಗುವಂಥ ವಿಮಾನ ಬೇಕಿತ್ತು. ತಯಾರಕ ಡೊನಾಲ್ಡ್ ಡಗ್ಲಸ್ ಅವರಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಸ್ಮಿತ್ ಫೋನಿನಲ್ಲೇ ಪಟ್ಟು ಹಿಡಿದು ಒಪ್ಪಿಸಿದರು. ಆ ವಿಮಾನ ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ರೈಟ್ ಸಹೋದರರು ಹಾರಿ ಅವತ್ತಿಗೆ ಸರಿಯಾಗಿ 32 ವರ್ಷ. ಮಲಗುವ ಏರ್ಪಾಟು ಮಾಡಿದರೆ 14 ಜನ, ಬರೀ ಸೀಟು ಹಾಕಿದರೆ 21 ಜನ ಹಿಡಿಸುತ್ತಿದ್ದರು. ಆ 21 ಸೀಟು ಲೋಕವನ್ನೇ ಬದಲಿಸಿತು. ಅಲ್ಲಿಯವರೆಗೆ ಅಮೆರಿಕದ ವಿಮಾನ ಕಂಪನಿಗಳು ಸರ್ಕಾರ ಟಪಾಲು ಸಾಗಿಸಲು ಕೊಡುವ ದುಡ್ಡನ್ನು ನೆಚ್ಚಿಕೊಂಡು ಬದುಕಿದ್ದವು. ಜನರನ್ನು ಮಾತ್ರ ಕೂರಿಸಿಕೊಂಡು ಹೋದರೂ ಲಾಭ ಬರುತ್ತದೆ ಅಂತ ತೋರಿಸಿಕೊಟ್ಟದ್ದು ಡಿಸಿ-3. ಆಮೇಲೆ ಎರಡನೇ ಮಹಾಯುದ್ಧ ಬಂತು. ಇದರ ಸೇನಾ ರೂಪಗಳು ಹತ್ತು ಸಾವಿರಕ್ಕೂ ಜಾಸ್ತಿ ತಯಾರಾದವು. ಯುದ್ಧ ಮುಗಿದ ಮೇಲೆ ಅವೇ ವಿಮಾನಗಳು ಅಗ್ಗಕ್ಕೆ ಸಿಕ್ಕಿ, ಲೋಕದ ಎಷ್ಟೋ ದೇಶಗಳಲ್ಲಿ ಮೊದಲ ವಿಮಾನ ಸೇವೆ ಶುರುವಾಗಲು ಕಾರಣವಾದವು.

ಒಂದು ಸಂಗ್ರಹಾಲಯದಲ್ಲಿ ನಾನು ಡಿಸಿ-3 ಒಳಗೆ ಹತ್ತಿದ್ದೆ. ಬಾಗಿಲು ಹಿಂಭಾಗದಲ್ಲಿದೆ. ಬಾಲದ ಕೆಳಗೆ ಒಂದು ಚಿಕ್ಕ ಚಕ್ರ, ಮುಂದೆ ಎರಡು ದೊಡ್ಡ ಚಕ್ರ. ಹಾಗಾಗಿ ನಿಂತಾಗ ಇಡೀ ವಿಮಾನ ಮೂತಿ ಎತ್ತಿಕೊಂಡೇ ಇರುತ್ತದೆ. ಒಳಗೆ ಕಾಲಿಟ್ಟ ಕೂಡಲೇ ನೆಲ ಏರು. ಸೀಟಿನ ಬೆನ್ನು ಹಿಡಿದುಕೊಂಡು ಹತ್ತಿ ಹೋಗಬೇಕು. ಮುಂದಿನ ಸಾಲಿಗೆ ಹೋಗಿ ತಿರುಗಿ ನೋಡಿದರೆ ಬಾಗಿಲು ಇಳಿಜಾರಿನ ತುದಿಯಲ್ಲಿ ಕಾಣುತ್ತದೆ. ಕಿಟಕಿಗಳು ಚೌಕ, ಈಗಿನದಕ್ಕಿಂತ ದೊಡ್ಡವು. ಬೆರಳಿನಿಂದ ಗೋಡೆ ತಟ್ಟಿದೆ. ತೆಳು ತಗಡಿನ ಸದ್ದು ಬಂತು. ಇದರಲ್ಲಿ ಗಾಳಿಯ ಒತ್ತಡ ಹಿಡಿದಿಡುವ ಏರ್ಪಾಟಿಲ್ಲ. ಆದ್ದರಿಂದ ಮೋಡಗಳ ಮೇಲೆ ಹೋಗುವಂತಿಲ್ಲ, ಅವುಗಳ ನಡುವೆಯೇ ದಾರಿ ಹುಡುಕಬೇಕು. ಮಳೆ ಬಂದರೆ ಮಳೆ, ಗಾಳಿ ಬಂದರೆ ಗಾಳಿ. ವಾಂತಿ ಮಾಡಿಕೊಳ್ಳದೆ ಇಳಿಯುವುದೇ ಎಷ್ಟೋ ಜನಕ್ಕೆ ಒಂದು ಸಾಧನೆ ಆಗಿತ್ತು.

ಈ ಥರದ ಎಂಜಿನ್ ಚಾಲೂ ಆಗುವುದನ್ನು ಒಮ್ಮೆ ಹತ್ತಿರದಿಂದ ನೋಡಿದರೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಇವುಗಳ ಹೆಸರು ರೇಡಿಯಲ್ ಎಂಜಿನ್. ನಡುವಿನ ದಂಡದ ಸುತ್ತ ಸಿಲಿಂಡರ್‌ಗಳು ವೃತ್ತಾಕಾರದಲ್ಲಿ ಕೂತಿರುತ್ತವೆ. ಕೆಲವು ಮೇಲ್ಮುಖ, ಕೆಲವು ಕೆಳಮುಖ. ವಿಮಾನ ಸುಮ್ನೆ ನಿಂತಿದ್ದರೂ ಎಣ್ಣೆ ನಿಧಾನವಾಗಿ ಜಿನುಗಿ ಕೆಳಗಿನ ಸಿಲಿಂಡರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಅದು ತುಂಬಿರುವಾಗ ಎಂಜಿನ್ ಹೊತ್ತಿಸಿದರೆ ಪಿಸ್ಟನ್ನಿಗೆ ಮುಂದೆ ಹೋಗಲು ಜಾಗವಿಲ್ಲ, ಒಳಗಿನ ಭಾಗಗಳು ಬಾಗುತ್ತವೆ ಅಥವಾ ಮುರಿಯುತ್ತವೆ. ಅದಕ್ಕೇ ಮೊದಲು ಬೆಂಕಿ ಕೊಡದೆ ಪ್ರೊಪೆಲ್ಲರನ್ನು ತಿರುಗಿಸುತ್ತಾರೆ. ಕೆಲವು ಕಡೆ ಕೈಯಿಂದಲೇ. ಒಬ್ಬರು ನಿಂತು ಎದುರು ಹಾದುಹೋಗುವ ಅಲಗುಗಳನ್ನು ಜೋರಾಗಿ ಎಣಿಸುತ್ತಾರೆ. ಬೇಕಾದಷ್ಟು ಅಲಗು ಸರಾಗವಾಗಿ ದಾಟಿದರೆ ಆಗ ಪೈಲಟ್ ಸ್ವಿಚ್ ಹಾಕುತ್ತಾರೆ. ಒಂದು ಸಿಲಿಂಡರ್ ಕೆಮ್ಮುತ್ತದೆ. ಬಿಳಿ ನೀಲಿ ಹೊಗೆ ಭಸ್ಸೆಂದು ಹೊರಗೆ ಬರುತ್ತದೆ. ನಿಂತೇ ಹೋಯಿತು ಅನ್ನಿಸುತ್ತದೆ. ಇನ್ನೊಂದು ಹೊತ್ತಿಕೊಳ್ಳುತ್ತದೆ, ಮತ್ತೆರಡು, ಆಮೇಲೆ ಎಲ್ಲವೂ ಸೇರಿ ಒಂದು ದಪ್ಪ, ಏರುಪೇರಿನ ಗುಡುಗು. ಕಾಲ ಕೆಳಗಿನ ನೆಲ ಅದುರುತ್ತದೆ. ಹೊಗೆ ನಿಮ್ಮ ಮೇಲೆ ಹಾದು ಹೋಗುತ್ತದೆ. ಅರ್ಧ ನಿಮಿಷದಲ್ಲಿ ಸದ್ದು ಸಮನಾಗುತ್ತದೆ. ನನಗಂತೂ ಅದು ಎಷ್ಟು ಸಲ ಕೇಳಿದರೂ ಸಾಕಾಗಿಲ್ಲ.

ಈ ಎಂಜಿನ್‌ಗಳು ಬೆಳೆಯುತ್ತಾ ಹೋದವು. ಬೋಯಿಂಗ್ ಸ್ಟ್ರಾಟೋಕ್ರೂಸರ್ ವಿಮಾನದ ಒಂದೊಂದು ಎಂಜಿನ್ನಿಗೂ 28 ಸಿಲಿಂಡರ್. ಸಿಲಿಂಡರಿಗೆ ಎರಡರಂತೆ 56 ಸ್ಪಾರ್ಕ್ ಪ್ಲಗ್. ನಾಲ್ಕು ಎಂಜಿನ್ ಸೇರಿ 224. ಅಷ್ಟರಲ್ಲಿ ಯಾವುದು ಕೆಟ್ಟಿದೆ ಅಂತ ಆಕಾಶದಲ್ಲೇ ಕಂಡುಹಿಡಿಯಲು ಫ್ಲೈಟ್ ಎಂಜಿನಿಯರ್ ಮುಂದೆ ಒಂದು ಪುಟ್ಟ ದುಂಡು ಪರದೆ ಇರುತ್ತಿತ್ತು. ಅದರ ಮೇಲೆ ಹಸಿರು ಗೆರೆ ಕುಣಿಯುತ್ತಿತ್ತು. ಗೆರೆಯ ಆಕಾರ ನೋಡಿ, ಮೂರನೇ ಎಂಜಿನ್ನಿನ ಇಂಥ ಸಿಲಿಂಡರಿನ ಪ್ಲಗ್ ಹೋಗಿದೆ ಅಂತ ಅವರು ಬರೆದಿಟ್ಟುಕೊಳ್ಳುತ್ತಿದ್ದರು. ಇಳಿದ ಮೇಲೆ ಮೆಕ್ಯಾನಿಕ್ ನೇರವಾಗಿ ಅದನ್ನೇ ಬಿಚ್ಚುತ್ತಿದ್ದ. ಇದೇ ಸ್ಟ್ರಾಟೋಕ್ರೂಸರ್‌ನಲ್ಲಿ ಸುರುಳಿ ಮೆಟ್ಟಿಲು ಇಳಿದು ಹೋದರೆ ಕೆಳಗೆ ಒಂದು ಲೌಂಜ್ ಇತ್ತು. ಜನ ಲೌಂಜನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ನನಗೆ ಆ ಹಸಿರು ಗೆರೆ ನೋಡುತ್ತಾ ರಾತ್ರಿಯಿಡೀ ಕೂತವರ ಮೇಲೆ ಜಾಸ್ತಿ ಅಭಿಮಾನ.

ರೂಪದಲ್ಲಿ ಮಾತ್ರ ಲಾಕ್‌ಹೀಡ್ ಕಾನ್‌ಸ್ಟಲೇಶನ್‌ಗೆ ಸಾಟಿಯಿಲ್ಲ. ಅದರ ಮೈ ಕೊಳವೆಯ ಹಾಗೆ ನೆಟ್ಟಗಿಲ್ಲ. ಮೂತಿಯ ಹತ್ತಿರ ಸ್ವಲ್ಪ ಕೆಳಗೆ ಬಾಗಿ, ಬಾಲದ ಕಡೆ ಮೇಲೆದ್ದು, ನೀರಿನಿಂದ ನೆಗೆಯುತ್ತಿರುವ ಮೀನಿನಂತೆ ಕಾಣುತ್ತದೆ. ಹಿಂದೆ ಒಂದರ ಬದಲು ಮೂರು ಬಾಲರೆಕ್ಕೆ. ಎತ್ತರವಾದ ಒಂದೇ ಒಂದು ಬಾಲ ಇಟ್ಟಿದ್ದರೆ ಆಗಿನ ಹ್ಯಾಂಗರ್‌ಗಳ, ಅಂದರೆ ವಿಮಾನ ನಿಲ್ಲಿಸುವ ಶೆಡ್‌ಗಳ, ಒಳಗೆ ಹೋಗುತ್ತಿರಲಿಲ್ಲ. ಹಾಗಾಗಿ ಮೂರು ಗಿಡ್ಡ ಬಾಲ. ಬಾಗಿಲಿನ ಎತ್ತರಕ್ಕೆ ಅಂತ ಮಾಡಿದ ಏರ್ಪಾಟು ಆ ವಿಮಾನದ ಗುರುತೇ ಆಗಿಬಿಟ್ಟಿತು. 1943ರ ಜನವರಿ 9ರಂದು ಅದು ಮೊದಲು ಹಾರಿತು. ಮರುವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಟಿಡಬ್ಲ್ಯುಎ ವಿಮಾನ ಕಂಪನಿಯ ಒಡೆಯ ಹೋವರ್ಡ್ ಹ್ಯೂಸ್ ಮತ್ತು ಅದರ ಮುಖ್ಯಸ್ಥ ಜ್ಯಾಕ್ ಫ್ರೈ ಇಬ್ಬರೂ ಅದನ್ನು ಕ್ಯಾಲಿಫೋರ್ನಿಯಾದಿಂದ ವಾಷಿಂಗ್ಟನ್ನಿಗೆ ಏಳು ಗಂಟೆಯೊಳಗೆ ಹಾರಿಸಿಕೊಂಡು ಹೋದರು. ವಾಪಸ್ ಬರುವಾಗ ಅದರಲ್ಲಿ ಆರ್ವಿಲ್ ರೈಟ್ ಕೂತರು. ಲೋಕದ ಮೊದಲ ಪೈಲಟ್‌ಗೆ ಅದು ಕೊನೆಯ ಹಾರಾಟವಾಯಿತು. 1903ರಲ್ಲಿ ಅವರು ಮೊದಲ ಸಲ ಹಾರಿದ್ದು 120 ಅಡಿ. ಕಾನ್‌ಸ್ಟಲೇಶನ್‌ನ ರೆಕ್ಕೆಯ ಈ ತುದಿಯಿಂದ ಆ ತುದಿಗೆ 123 ಅಡಿ. ಒಬ್ಬ ಮನುಷ್ಯನ ಆಯಸ್ಸಿನೊಳಗೆ ಇಷ್ಟಾಯಿತು ಅಂದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಹಳೆಯ ವೇಳಾಪಟ್ಟಿಗಳನ್ನು ಓದುವುದು ನನಗೆ ಒಂದು ಹುಚ್ಚು. ಈಗಿನ ಟಿಕೆಟ್ಟಿನಲ್ಲಿ ಎರಡೇ ಹೆಸರು ಇರುತ್ತದೆ, ಹೊರಡುವ ಊರು ಮತ್ತು ತಲುಪುವ ಊರು. ಹಳೆಯ ವೇಳಾಪಟ್ಟಿಯಲ್ಲಿ ಒಂದರ ಕೆಳಗೊಂದು ಹೆಸರು ಇಳಿಯುತ್ತಲೇ ಹೋಗುತ್ತದೆ. ಬಂದ ಹೊತ್ತು, ಬಿಟ್ಟ ಹೊತ್ತು, ಎಲ್ಲವೂ ಆಯಾ ಊರಿನ ಗಡಿಯಾರದ ಪ್ರಕಾರ. ಏರ್ ಇಂಡಿಯಾ ಇಂಟರ್‌ನ್ಯಾಶನಲ್‌ನ ಕಾನ್‌ಸ್ಟಲೇಶನ್ ‘ಮಲಬಾರ್ ಪ್ರಿನ್ಸೆಸ್’ 1948ರ ಜೂನ್ 8ರಂದು ಬಾಂಬೆಯಿಂದ ಹೊರಟು ಕೈರೋ, ಜಿನೀವಾ ಮುಟ್ಟಿ ಲಂಡನ್ ತಲುಪಿತು. ಅಮೆರಿಕದ ಪ್ಯಾನ್ ಆಮ್ ಕಂಪನಿಯವರ ಭೂಮಿ ಸುತ್ತುವ ಸೇವೆ 1947ರಲ್ಲಿ ಶುರುವಾಯಿತು. ಅದರ ಪಟ್ಟಿ ಓದಿದರೆ ಒಂದು ಭೂಗೋಳದ ಪಾಠ ಮುಗಿದಂತೆ. ನಿಲುಗಡೆಗೆ ಕಾರಣ ಬೇರೇನೂ ಅಲ್ಲ, ಇಂಧನ. ಆದರೆ ಇಳಿದ ಕಡೆಯೆಲ್ಲ ಬಾಗಿಲು ತೆರೆಯುತ್ತಿತ್ತು. ಬೇರೆ ಗಾಳಿ, ಬೇರೆ ಸೆಖೆ, ಬೇರೆ ಭಾಷೆ ಒಳಗೆ ಬರುತ್ತಿತ್ತು.

ಅಟ್ಲಾಂಟಿಕ್ ದಾಟುವವರಿಗೆ ಈ ಕಡೆ ಐರ್ಲೆಂಡಿನ ಶ್ಯಾನನ್, ಆ ಕಡೆ ನ್ಯೂಫೌಂಡ್‌ಲ್ಯಾಂಡಿನ ಗ್ಯಾಂಡರ್. ಲೋಕದ ಮೊದಲ ಡ್ಯೂಟಿ ಫ್ರೀ ಅಂಗಡಿ 1947ರಲ್ಲಿ ಶ್ಯಾನನ್‌ನಲ್ಲಿ ತೆರೆದದ್ದು ಸುಮ್ನೆ ಅಲ್ಲ. ರಾತ್ರಿ ಇಳಿದ ಜನಕ್ಕೆ ಇಂಧನ ತುಂಬುವವರೆಗೂ ಮಾಡಲು ಬೇರೆ ಕೆಲಸವಿರಲಿಲ್ಲ. ಗ್ಯಾಂಡರ್ ಕಥೆಯಲ್ಲಿ ನನಗೆ ಸಂಕಟವಾಗುತ್ತದೆ. ಅಷ್ಟೊಂದು ಜನ ಬರುತ್ತಾರೆ ಅಂತ ಅಲ್ಲಿ ಹೊಸ ಟರ್ಮಿನಲ್ ಕಟ್ಟಿದರು. ಚಂದದ ಲೌಂಜ್, ಒಂದು ಗೋಡೆಯ ಮೇಲೆ 72 ಅಡಿ ಉದ್ದದ ಚಿತ್ರ. 1959ರಲ್ಲಿ ಇಂಗ್ಲೆಂಡಿನ ರಾಣಿಯೇ ಬಂದು ಉದ್ಘಾಟಿಸಿದರು. ಅಷ್ಟು ಹೊತ್ತಿಗೆ ಜೆಟ್ ವಿಮಾನ ಬಂದಾಗಿತ್ತು. 1958ರ ಅಕ್ಟೋಬರ್ 26ರಂದು ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಹೊರಟ ಪ್ಯಾನ್ ಆಮ್‌ನ ಮೊದಲ ಬೋಯಿಂಗ್ 707 ಕೂಡ ಗ್ಯಾಂಡರ್‌ನಲ್ಲಿ ಇಳಿದು ಇಂಧನ ತುಂಬಿಕೊಂಡಿತ್ತು, ನಿಜ. ಆದರೆ ಮುಂದಿನ ವರ್ಷವೇ ಹೆಚ್ಚು ದೂರ ಹೋಗುವ 707 ಬಂತು. ಆಮೇಲೆ ವಿಮಾನಗಳು ಗ್ಯಾಂಡರ್ ಮೇಲೆ ಬಿಳಿ ಗೆರೆ ಎಳೆದುಕೊಂಡು ನೇರ ಹೋಗತೊಡಗಿದವು.

ದಾರಿ ಕಂಡುಹಿಡಿಯುವುದೂ ಆಗ ಕೈಕೆಲಸ. ಸಾಗರದ ಮೇಲೆ ಹೋಗುವ ವಿಮಾನದಲ್ಲಿ ನ್ಯಾವಿಗೇಟರ್ ಅಂತ ಒಬ್ಬರು ಇರುತ್ತಿದ್ದರು. ಚಾವಣಿಯಲ್ಲಿ ಒಂದು ಗಾಜಿನ ಗುಮ್ಮಟ. ಅದರ ಕೆಳಗೆ ನಿಂತು ಸೆಕ್ಸ್‌ಟಂಟ್ ಹಿಡಿದು ನಕ್ಷತ್ರದ ಎತ್ತರ ಅಳೆಯಬೇಕು. ಕೋಷ್ಟಕ ತೆರೆದು ಲೆಕ್ಕ ಮಾಡಬೇಕು. ನಕ್ಷೆಯ ಮೇಲೆ ಗೆರೆ ಎಳೆಯಬೇಕು. ಎರಡು ಮೂರು ನಕ್ಷತ್ರಗಳ ಗೆರೆಗಳು ಎಲ್ಲಿ ಕೂಡುತ್ತವೋ ವಿಮಾನ ಅಲ್ಲಿದೆ. ಸರಿಯಾಗಿ ಹೇಳಬೇಕೆಂದರೆ, ಕೆಲವು ನಿಮಿಷಗಳ ಹಿಂದೆ ಅಲ್ಲಿತ್ತು. ಈ ವಿದ್ಯೆಯ ತುತ್ತತುದಿ ಅಂದರೆ ನನ್ನ ಪ್ರಕಾರ 1943ರಿಂದ 45ರವರೆಗೆ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯವರು ನಡೆಸಿದ ಹಾರಾಟಗಳು. ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಲೋನಿನ ಕೊಗ್ಗಲವರೆಗೆ, ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನದಲ್ಲಿ, ಇಡೀ ಹಿಂದೂ ಮಹಾಸಾಗರ ದಾಟುತ್ತಿದ್ದರು. ನಡುವೆ ಎಲ್ಲೂ ಇಳಿಯುವಂತಿಲ್ಲ. ಜಪಾನಿನ ವಿಮಾನಗಳ ಭಯದಿಂದ ರೇಡಿಯೋ ಬಳಸುವಂತಿಲ್ಲ. ನಕ್ಷತ್ರಗಳೇ ದಿಕ್ಕು. 27ರಿಂದ 33 ಗಂಟೆ ಹಿಡಿಯುತ್ತಿತ್ತು. ತುಂಬಿಸಬೇಕಾದ ಇಂಧನದ ತೂಕದಿಂದಾಗಿ ಪ್ರಯಾಣಿಕರು ಹೆಚ್ಚೆಂದರೆ ಮೂವರು. ಒಂದೇ ಪ್ರಯಾಣದಲ್ಲಿ ಎರಡು ಸೂರ್ಯೋದಯ ನೋಡುತ್ತಿದ್ದರು. ಹಾಗೆ ನೋಡಿದವರಿಗೆ ಕಂಪನಿ ಒಂದು ಪ್ರಮಾಣಪತ್ರ ಕೊಡುತ್ತಿತ್ತು. 271 ಸಲ ದಾಟಿದರು. ಒಂದು ವಿಮಾನವನ್ನೂ ಕಳೆದುಕೊಳ್ಳಲಿಲ್ಲ.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 1947ರಲ್ಲಿ ಅಟ್ಲಾಂಟಿಕ್ ಮೇಲೆ ಹಾರುತ್ತಿದ್ದ ಒಂದು ಕಾನ್‌ಸ್ಟಲೇಶನ್‌ನ ಗಾಜಿನ ಗುಮ್ಮಟ ಒಡೆದುಹೋಯಿತು. ಒಳಗಿನ ಗಾಳಿ ಒಮ್ಮೆಲೇ ಹೊರಗೆ ನುಗ್ಗಿತು. ನಕ್ಷತ್ರ ಅಳೆಯುತ್ತಾ ನಿಂತಿದ್ದ ನ್ಯಾವಿಗೇಟರ್ ಅದರ ಜೊತೆಗೇ ಹೊರಗೆ ಹೋಗಿಬಿಟ್ಟರು.

ಈ ಕಾಲವನ್ನು ಪ್ರೀತಿಸುವವರು ಇಂಥವನ್ನೂ ಜೊತೆಗೇ ಇಟ್ಟುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಮೇಲೆ ಹೇಳಿದ ಮಲಬಾರ್ ಪ್ರಿನ್ಸೆಸ್ 1950ರ ನವೆಂಬರ್ 3ರಂದು ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. ಅದರಲ್ಲಿದ್ದ 48 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಒಂದು ಸೂಪರ್ ಕಾನ್‌ಸ್ಟಲೇಶನ್ ಮತ್ತು ಒಂದು ಡಿಸಿ-7 ಡಿಕ್ಕಿ ಹೊಡೆದವು. 128 ಜನ ಸತ್ತರು. ಅಲ್ಲಿ ವಿಮಾನಗಳ ಮೇಲೆ ಕಣ್ಣಿಡುವ ರೇಡಾರ್ ಇರಲಿಲ್ಲ. ಪೈಲಟ್‌ಗಳು ಒಬ್ಬರನ್ನೊಬ್ಬರು ಕಣ್ಣಿನಿಂದ ನೋಡಿಯೇ ತಪ್ಪಿಸಿಕೊಳ್ಳಬೇಕಿತ್ತು. ಪ್ರಯಾಣಿಕರಿಗೆ ಆ ಕಣಿವೆ ಚೆನ್ನಾಗಿ ಕಾಣಲಿ ಅಂತ ಪೈಲಟ್‌ಗಳು ಅತ್ತ ಹೋಗಿದ್ದಿರಬಹುದು ಅಂತ ತನಿಖೆ ಮಾಡಿದವರು ಒಂದು ಸಾಧ್ಯತೆಯಾಗಿ ಬರೆದರು. ನಾನು ಯಾವ ಕಿಟಕಿಯ ನೋಟಕ್ಕೆ ಹಂಬಲಿಸುತ್ತೇನೋ ಅದೇ ನೋಟ. ಇದನ್ನು ಓದಿದ ಮೇಲೆ ಆ ಹಳೆಯ ಫೋಟೋಗಳನ್ನು ಮೊದಲಿನಷ್ಟು ಹಗುರಾಗಿ ನೋಡಲು ನನಗೆ ಆಗಿಲ್ಲ. ಆ ಅಪಘಾತದ ನಂತರವೇ ಅಮೆರಿಕ 1958ರಲ್ಲಿ ಹೊಸ ಕಾನೂನು ತಂದು ಇಡೀ ಆಕಾಶವನ್ನು ಒಂದು ಸಂಸ್ಥೆಯ ಸುಪರ್ದಿಗೆ ಕೊಟ್ಟಿತು.

ಇದೇ 1956ರಲ್ಲಿ ಇನ್ನೊಂದು ಘಟನೆ ನಡೆಯಿತು. ಅದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳದೆ ಇರಲಾರೆ. ಅಕ್ಟೋಬರ್‌ನಲ್ಲಿ ಪ್ಯಾನ್ ಆಮ್‌ನ ಒಂದು ಸ್ಟ್ರಾಟೋಕ್ರೂಸರ್ ಹೊನೊಲುಲುವಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿತ್ತು. ಒಟ್ಟು 31 ಜನ. ರಾತ್ರಿ, ಸಾಗರದ ನಟ್ಟನಡುವೆ, ಒಂದು ಎಂಜಿನ್ ಅಂಕೆ ತಪ್ಪಿ ತಿರುಗತೊಡಗಿತು. ಆಮೇಲೆ ಇನ್ನೊಂದು ಕೈಕೊಟ್ಟಿತು. ಉಳಿದ ಎರಡು ಎಂಜಿನ್‌ಗಳ ಬಲದಲ್ಲಿ ಯಾವ ದಡ ಮುಟ್ಟುವುದಕ್ಕೂ ಸಾಕಾಗುವಷ್ಟು ಇಂಧನವಿಲ್ಲ. ಆ ಕಾಲದಲ್ಲಿ ಸಾಗರದ ಗೊತ್ತಾದ ಜಾಗಗಳಲ್ಲಿ ಹಡಗುಗಳು ಕಾವಲು ನಿಲ್ಲುತ್ತಿದ್ದವು. ಹವಾಮಾನ ಅಳೆಯುವುದು, ಮೇಲೆ ಹೋಗುವ ವಿಮಾನಗಳ ಜೊತೆ ರೇಡಿಯೋದಲ್ಲಿ ಮಾತಾಡುವುದು, ಅಗತ್ಯ ಬಿದ್ದರೆ ಕಾಪಾಡುವುದು ಅವುಗಳ ಕೆಲಸ. ಕ್ಯಾಪ್ಟನ್ ರಿಚರ್ಡ್ ಆಗ್ ಅವರು ಪಾಂಚರ್‌ಟ್ರೇನ್ ಅನ್ನುವ ಅಂಥ ಹಡಗಿನ ಹತ್ತಿರ ಬಂದರು. ಕತ್ತಲಲ್ಲಿ ಇಳಿಯಲಿಲ್ಲ. ಬೆಳಕು ಹರಿಯುವವರೆಗೂ ಹಡಗಿನ ಮೇಲೆ ಸುತ್ತು ಹೊಡೆಯುತ್ತಲೇ ಇದ್ದರು. ಆ ಸಮಯದಲ್ಲೇ ಇಂಧನ ಉರಿದು ವಿಮಾನ ಹಗುರವಾಯಿತು. ಹಿಂದೆ ಇಂಥದ್ದೇ ಒಂದು ವಿಮಾನ ನೀರಿಗೆ ಇಳಿದಾಗ ಬಾಲ ಮುರಿದದ್ದು ಅವರಿಗೆ ನೆನಪಿತ್ತು. ಹಿಂದೆ ಕೂತವರನ್ನೆಲ್ಲ ಮುಂದಕ್ಕೆ ಕಳಿಸಿದರು. ಎಲ್ಲಿ ಇಳಿಯಬೇಕು ಅಂತ ತೋರಿಸಲು ಹಡಗು ನೀರಿನ ಮೇಲೆ ನೊರೆಯ ಗೆರೆ ಎಳೆದುಕೊಟ್ಟಿತು. ಬೆಳಕು ಹರಿದ ಮೇಲೆ ವಿಮಾನ ನೀರಿಗೆ ಇಳಿಯಿತು. ಬಾಲ ಮುರಿದೇ ಹೋಯಿತು. 31 ಜನರೂ ಬದುಕಿದರು.

ಈ ಘಟನೆಯಲ್ಲಿ ಆ ಇಡೀ ಕಾಲ ನನಗೆ ಕಾಣುತ್ತದೆ. ಕೈಕೊಡುವ ಎಂಜಿನ್, ಆದರೆ ಗಾಬರಿಯಾಗದ ಕ್ಯಾಪ್ಟನ್. ಕೆಳಗೆ ಸಾಗರದಲ್ಲಿ ಸುಮ್ನೆ ಕಾಯುತ್ತಿರುವ ಹಡಗು. ಯಂತ್ರದ ಮೇಲೆ ಪೂರ್ತಿ ನಂಬಿಕೆ ಇಡುವಂತಿರಲಿಲ್ಲ, ಅದಕ್ಕೇ ಮನುಷ್ಯರು ಅಷ್ಟು ಎಚ್ಚರವಾಗಿದ್ದರು. ಜೆಟ್ ಎಂಜಿನ್‌ಗಳ ಮೇಲೆ ನಂಬಿಕೆ ಬಂದ ಮೇಲೆ ಆ ಹಡಗುಗಳೂ ಒಂದೊಂದಾಗಿ ದಡಕ್ಕೆ ಮರಳಿದವು.

ಇನ್ನು ಆ ಊಟ, ಆ ಸೀಟು. ಅದರ ಹಿಂದಿನ ಲೆಕ್ಕ ತೀರಾ ಸರಳ. ಅಮೆರಿಕದೊಳಗೆ 1978ರವರೆಗೆ ಟಿಕೆಟ್ ದರ ಎಷ್ಟಿರಬೇಕು ಅಂತ ಸರ್ಕಾರದ ಮಂಡಳಿ ಹೇಳುತ್ತಿತ್ತು. ದೇಶದಿಂದ ದೇಶಕ್ಕೆ ಹೋಗುವ ದರವನ್ನು ಕಂಪನಿಗಳ ಒಕ್ಕೂಟ ಐಎಟಿಎ ನಿಗದಿ ಮಾಡುತ್ತಿತ್ತು. ದರ ಇಳಿಸಿ ಗಿರಾಕಿ ಸೆಳೆಯುವಂತಿಲ್ಲ ಅಂದಮೇಲೆ ಉಳಿದದ್ದು ಉಪಚಾರ ಒಂದೇ. ಇದು ಎಲ್ಲಿಯವರೆಗೆ ಹೋಯಿತು ಅಂದರೆ, 1958ರಲ್ಲಿ ಅಟ್ಲಾಂಟಿಕ್ ಮೇಲೆ ಎಕಾನಮಿ ಕ್ಲಾಸ್ ಶುರುವಾದಾಗ ಅದರಲ್ಲಿ ಬರೀ ಸ್ಯಾಂಡ್‌ವಿಚ್ ಕೊಡಬೇಕು ಅಂತ ನಿಯಮ ಬಂತು. ಸ್ಕ್ಯಾಂಡಿನೇವಿಯಾದ ಎಸ್ಎಎಸ್ ಕಂಪನಿ ತನ್ನ ನಾಡಿನ ಪದ್ಧತಿಯಂತೆ ಒಂದೇ ಬ್ರೆಡ್ಡಿನ ಮೇಲೆ ಬಗೆಬಗೆಯ ಪದಾರ್ಥ ಪೇರಿಸಿ ಬಡಿಸಿತು. ಇದು ಸ್ಯಾಂಡ್‌ವಿಚ್ ಅಲ್ಲ, ಊಟವೇ ಅಂತ ಪ್ಯಾನ್ ಆಮ್ ದೂರು ಕೊಟ್ಟಿತು. ಸ್ಯಾಂಡ್‌ವಿಚ್ ಅಂದರೆ ಏನು ಅಂತ ಒಕ್ಕೂಟ ಕೂತು ತೀರ್ಮಾನಿಸಬೇಕಾಯಿತು. ಇವತ್ತು ವಿಮಾನ ಹತ್ತುವವರಲ್ಲಿ ಹೆಚ್ಚಿನವರಿಗೆ ಆಗ ಆ ಬಾಗಿಲು ತೆರೆದಿರಲಿಲ್ಲ. ಬಡಿಸುವ ಹುಡುಗಿಯರ ಪಾಡೂ ಅಷ್ಟೇ. ಮದುವೆಯಾದರೆ ಕೆಲಸ ಹೋಗುತ್ತಿತ್ತು. ಕೆಲವು ಅಮೆರಿಕನ್ ಕಂಪನಿಗಳಲ್ಲಿ 32 ತುಂಬಿದರೂ ಹೋಗುತ್ತಿತ್ತು. ಫೋಟೋದಲ್ಲಿ ಕಾಣುವ ನಗುವಿನ ಹಿಂದೆ ತೂಕದ ಯಂತ್ರವೂ ಇತ್ತು. ಅದನ್ನೆಲ್ಲ ಕೋರ್ಟಿಗೆ ಹೋಗಿ, ಹೋರಾಡಿ ಬದಲಿಸಿದವರು ಅವರೇ.

ಹೊಗೆಯ ಬಗ್ಗೆಯೂ ಹೇಳಬೇಕು. ಕ್ಯಾಬಿನ್ನಿನ ತುಂಬ ಸಿಗರೇಟು. ಮೆಕ್ಯಾನಿಕ್‌ಗಳು ವಿಮಾನದ ಹೊರಮೈಯಲ್ಲಿ ಕಂದು ಬಣ್ಣದ ಗೆರೆ ಹುಡುಕುತ್ತಿದ್ದರಂತೆ. ಎಲ್ಲಿ ಸೀಳು ಬಿಟ್ಟಿದೆಯೋ ಅಲ್ಲಿಂದ ಒಳಗಿನ ಗಾಳಿ ಸೋರಿ, ತಂಬಾಕಿನ ಕಲೆ ಕಟ್ಟುತ್ತಿತ್ತು. ಸೋರಿಕೆ ಪತ್ತೆಗೆ ಅದೇ ಗುರುತು. ಒಳಗೆ ಕೂತವರ ಶ್ವಾಸಕೋಶದ ಕಥೆ ಬೇರೆ ಹೇಳಬೇಕಿಲ್ಲ, ಅಲ್ವಾ?

ಜೆಟ್ ಬಂದದ್ದು ಗೆಲುವಿನ ನಗಾರಿ ಬಾರಿಸಿಕೊಂಡು ಅಲ್ಲ. 1952ರ ಮೇ 2ರಂದು ಲಂಡನ್ನಿನಿಂದ ಜೋಹಾನ್ಸ್‌ಬರ್ಗ್‌ಗೆ ಹೊರಟ ಡಿ ಹ್ಯಾವಿಲ್ಯಾಂಡ್ ಕಾಮೆಟ್ ಲೋಕದ ಮೊದಲ ಜೆಟ್ ಪ್ರಯಾಣ ಸೇವೆ. ಅದುರುವಿಕೆ ಇಲ್ಲ, ಮೋಡಗಳೆಲ್ಲ ಕೆಳಗೆ. ಎಂಜಿನ್‌ಗಳು ರೆಕ್ಕೆಯ ಬುಡದೊಳಗೆ ಅಡಗಿದ್ದು, ನೋಡಲೂ ಚಂದ. ಎರಡು ವರ್ಷ ಕಳೆಯುವುದರೊಳಗೆ, 1954ರ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು, ಇಟಲಿಯ ಹತ್ತಿರ ಆಕಾಶದಲ್ಲೇ ಚೂರಾದವು. ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಒಂದು ಇಡೀ ಕಾಮೆಟ್‌ನ ಮೈಯನ್ನು ನೀರಿನ ತೊಟ್ಟಿಯೊಳಗಿಟ್ಟು, ಹಾರಾಟದಲ್ಲಿ ಆಗುವಂತೆ ಮತ್ತೆ ಮತ್ತೆ ಒತ್ತಡ ಏರಿಸಿ ಇಳಿಸಿ ನೋಡಿದರು. ಕೊನೆಗೆ ಲೋಹ ದಣಿದು ಬಿರಿಯಿತು. ಕಿಂಡಿಗಳ ಮೂಲೆಯಲ್ಲಿ ಲೋಹದ ಮೇಲಿನ ಒತ್ತಡ ಅಂದುಕೊಂಡದ್ದಕ್ಕಿಂತ ತುಂಬ ಜಾಸ್ತಿ ಇತ್ತು. ಕಂಡುಕೊಂಡದ್ದನ್ನು ಅವರು ಮುಚ್ಚಿಡಲಿಲ್ಲ. ಬೇರೆ ತಯಾರಕರೂ ಅದರಿಂದ ಕಲಿತರು. ಇವತ್ತು ನಾವು ನಿಶ್ಚಿಂತೆಯಾಗಿ ಕೂರುವ ಪ್ರತಿ ಸೀಟಿನಲ್ಲೂ ಆ ತೊಟ್ಟಿಯ ಪಾಲಿದೆ.

ಆಮೇಲಿನ ವಿಮಾನಗಳೂ ನನಗೆ ಇಷ್ಟವೇ. ಕ್ಯಾರಾವೆಲ್‌ನ ಮೂಲೆ ದುಂಡಾದ ತ್ರಿಕೋನ ಕಿಟಕಿ, ನಾಲ್ಕೂ ಎಂಜಿನ್ ಬಾಲದ ಹತ್ತಿರ ಇಟ್ಟುಕೊಂಡ ವಿಸಿ10, ಮೂತಿಯ ಮೇಲೆ ಗೂನು ಹೊತ್ತ 747. ದೂರದಿಂದ ನೆರಳು ನೋಡಿದರೂ ಯಾವುದು ಅಂತ ಹೇಳಬಹುದಿತ್ತು. ಈಗ ಎರಡು ಎಂಜಿನ್ನಿನ ವಿಮಾನಗಳು ಸಾಲಾಗಿ ನಿಂತರೆ ಗುರುತು ಹಿಡಿಯಲು ನನಗೂ ಒಂದು ಕ್ಷಣ ಬೇಕು. ಕಾನ್ಕಾರ್ಡ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಒಂದನ್ನೇ ಹೇಳುತ್ತೇನೆ. ಶಬ್ದದ ಎರಡು ಪಟ್ಟು ವೇಗದಲ್ಲಿ ಅದರ ಮೈ ಬಿಸಿಯಾಗಿ ಉದ್ದವಾಗುತ್ತಿತ್ತು. ಆಗ ಫ್ಲೈಟ್ ಎಂಜಿನಿಯರ್‌ನ ಫಲಕಕ್ಕೂ ಹಿಂದಿನ ಗೋಡೆಗೂ ನಡುವೆ ಸಂದು ಬಿಡುತ್ತಿತ್ತು. ನಿಧಾನಕ್ಕೆ ಬಂದಾಗ ಮುಚ್ಚಿಕೊಳ್ಳುತ್ತಿತ್ತು. ಕೊನೆಯ ಹಾರಾಟಗಳಲ್ಲಿ ಕೆಲವರು ಆ ಸಂದಿನಲ್ಲಿ ತಮ್ಮ ಟೋಪಿ ಇಟ್ಟರು. ಇನ್ನು ಆ ವಿಮಾನ ಬಿಸಿಯಾಗುವುದಿಲ್ಲ, ಟೋಪಿ ಹೊರಗೆ ಬರುವುದಿಲ್ಲ.

ಹೀಗೆ ಉಳಿದಿರುವುದನ್ನು ಕಾಪಾಡುವುದು ಕಷ್ಟದ ಕೆಲಸ. ವಿಮಾನ ದೊಡ್ಡದು, ಸೂರು ಸಿಗುವುದಿಲ್ಲ, ಮಳೆಗೆ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ. ಬೋಯಿಂಗ್ 314 ಅನ್ನುವ ಭವ್ಯ ಹಾರುವ ದೋಣಿಗಳು 12 ತಯಾರಾಗಿದ್ದವು. ಅವುಗಳಲ್ಲಿ ಊಟದ ಕೋಣೆ ಇತ್ತು, ಮಲಗುವ ಏರ್ಪಾಟು ಇತ್ತು. ಒಂದೂ ಉಳಿದಿಲ್ಲ. ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಹಿಡಿದಿಟ್ಟ ಮೊದಲ ಪ್ರಯಾಣಿಕ ವಿಮಾನ ಬೋಯಿಂಗ್ 307 ಸ್ಟ್ರಾಟೋಲೈನರ್. 1940ರಲ್ಲಿ ಸೇವೆಗೆ ಬಂತು, ತಯಾರಾದದ್ದು ಬರೀ ಹತ್ತು. ಇಡಿಯಾಗಿ ಉಳಿದದ್ದು ಒಂದು. ಸಿಯಾಟಲ್‌ನಲ್ಲಿ ಬೋಯಿಂಗ್‌ನ ಸ್ವಯಂಸೇವಕರು, ಅವರಲ್ಲಿ ಎಷ್ಟೋ ಜನ ನಿವೃತ್ತರು, ವರ್ಷಗಟ್ಟಲೆ ಕೂತು ಅದನ್ನು ಮತ್ತೆ ಹಾರುವಂತೆ ಮಾಡಿದರು. 2002ರ ಮಾರ್ಚ್‌ನಲ್ಲಿ ಒಂದು ಹಾರಾಟದಲ್ಲಿ ಇಂಧನ ತೀರಿ ಅದು ಎಲಿಯಟ್ ಬೇ ಅನ್ನುವ ಕೊಲ್ಲಿಯ ನೀರಿಗೆ ಇಳಿಯಬೇಕಾಯಿತು. ಒಳಗಿದ್ದ ನಾಲ್ವರೂ ಬದುಕಿದರು. ವಿಮಾನವನ್ನು ಉಪ್ಪುನೀರಿನಿಂದ ಎತ್ತಿದರು. ಇನ್ನು ಇದು ಮುಗಿಯಿತು ಅಂತ ಯಾರೂ ಕೈಚೆಲ್ಲಲಿಲ್ಲ. ಎಲ್ಲ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದರು. ಮರುವರ್ಷ ಅದು ತನ್ನ ಎಂಜಿನ್‌ಗಳ ಬಲದಲ್ಲೇ ಅಮೆರಿಕದ ಆ ತುದಿಯಿಂದ ಈ ತುದಿಗೆ ಹಾರಿ ವಾಷಿಂಗ್ಟನ್ ಹತ್ತಿರದ ಸ್ಮಿತ್ಸೋನಿಯನ್ ಸಂಗ್ರಹಾಲಯಕ್ಕೆ ಬಂತು. 707ರ ಮೂಲಮಾದರಿಯೂ ಒಂದು ಕಾನ್ಕಾರ್ಡ್ ಕೂಡ ಅಲ್ಲೇ, ಅದೇ ಸೂರಿನ ಕೆಳಗೆ ಇವೆ. ಬಂದವರು ಮೊದಲು ಕಾನ್ಕಾರ್ಡ್ ಕಡೆಗೇ ಹೋಗುತ್ತಾರೆ, ಅದು ಸಹಜ. ಅಲ್ಲಿಗೆ ಹೋಗುವ ಅವಕಾಶ ಸಿಕ್ಕವರು ಸ್ಟ್ರಾಟೋಲೈನರ್‌ಗೂ ಅಷ್ಟೇ ಹೊತ್ತು ಕೊಡಿ. ಆ ಹೊಳೆಯುವ ಲೋಹದ ಮೈಯನ್ನು ಎರಡು ಸಲ ಕೈಯಾರೆ ಬದುಕಿಸಿದ್ದಾರೆ.